ಸಂಖ್ಯಾಶಾಸ್ತ್ರದ ಮಾಸ್ಟ್ರ ಜತೆ ಒಂದು ದಿನ

ಕುಂಬಳೆ–ಬದಿಯಡ್ಕ ರಸ್ತೆಯಲ್ಲಿ ಬಸ್ಸಿಳಿದು, ಅಡಕೆ ತೋಟದ ನಡುವಿನ ಕಾಲುದಾರಿಯಲ್ಲಿ ಅರ್ಧ ಮೈಲು ನಡೆದು ಆ ಮನೆಯ ಜಗಲಿಯನ್ನು ನಾವು ಏರಿದಾಗ ಬೆಳಿಗ್ಗೆ ಏಳು ಗಂಟೆ. ಜೂನ್ ತಿಂಗಳು, ರಾತ್ರಿಯಿಡೀ ಸುರಿದ ಮಳೆ ಆಗಷ್ಟೆ ಹೊಳವಾಗಿತ್ತು. ನಮಗಿಂತ ಮುಂಚೆಯೇ ಒಬ್ಬರು ಬಂದು ಬೆಂಚಿನ ಮೇಲೆ ಕುಳಿತಿದ್ದರು. ಕೈಯಲ್ಲೊಂದು ಚೀಟಿ. ಅದರಲ್ಲಿ ಅವರು ಕೊಳ್ಳಬೇಕೆಂದಿರುವ ಹಳೆ ಜೀಪಿನ ನಂಬರು. ಅಂಕೆಗಳನ್ನು ಕೂಡಿಸಿದರೆ ಎಂಟು ಬರುತ್ತದೆ, ಎಂಟು ಶನಿಯ ಅಂಕೆಯಂತೆ, ಕೊಳ್ಳಬಹುದೋ ಬಾರದೋ ಎಂದು ವಿಚಾರಿಸಲು ಬಂದವರು. ಈ ಮನೆಯ ಮಾಸ್ಟ್ರು ‘ಸಂಖ್ಯಾಶಾಸ್ತ್ರ’ ಕಲಿಸುವವರೆಂದು ಅವರಿಗೆ ಯಾರೋ ಹೇಳಿದ್ದರು.

“ನನ್ನದು ಆ ಶಾಸ್ತ್ರ ಅಲ್ಲ ಮಾರಾಯ್ರೆ,” ಎಂದರು ಮಾಸ್ಟ್ರು, ಕಾಫಿ ಕೊಡುತ್ತ. “ನಂಬರು ಬಿಡಿ. ಜೀಪು ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟು ಸಲ ಎಂಜಿನ್ ಬಿಚ್ಚಿದ್ದಾರೆ, ಅದನ್ನು ಕೇಳಿದ್ದೀರೋ?”

ಬಂದವರು ಕೇಳಿರಲಿಲ್ಲ. ಕಾಫಿ ಕುಡಿದು, ಸ್ವಲ್ಪ ನಿರಾಶೆಯಿಂದಲೇ ಎದ್ದುಹೋದರು. ವರ್ಷಕ್ಕೆ ಇಂಥವರು ನಾಲ್ಕಾರು ಮಂದಿಯಾದರೂ ಬರುತ್ತಾರಂತೆ. ತಪ್ಪು ಬಂದವರದ್ದಲ್ಲ, ನಮ್ಮ ಭಾಷೆಯದ್ದು. ಹುಟ್ಟಿದ ತಾರೀಕು ಕೂಡಿಸಿ ಭವಿಷ್ಯ ಹೇಳುವ ವಿದ್ಯೆಗೂ, ಜನಗಣತಿ, ಬೆಳೆ ಗಣತಿ, ಔಷಧದ ಪರೀಕ್ಷೆಗಳೆಲ್ಲ ನಿಂತಿರುವ ವಿಜ್ಞಾನಕ್ಕೂ ಕನ್ನಡದಲ್ಲಿ ಒಂದೇ ಹೆಸರು ಬಿದ್ದುಬಿಟ್ಟಿದೆ.

ಮಾಸ್ಟ್ರು ತಮ್ಮ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ಹಾಕಬಾರದೆಂದು ಮೊದಲೇ ಮಾತು ತೆಗೆದುಕೊಂಡಿದ್ದಾರೆ. ನಮ್ಮ ಜಿಲ್ಲೆಯ ಉತ್ತರ ಭಾಗದ ಒಂದು ಹೈಯರ್ ಸೆಕೆಂಡರಿ ಶಾಲೆಯಲ್ಲಿ ಪ್ಲಸ್ ವನ್, ಪ್ಲಸ್ ಟು ತರಗತಿಗಳಿಗೆ ಅವರು ಈ ವಿಷಯವನ್ನು ಹೇಳಿಕೊಡುತ್ತಾರೆ. ಮುಂದಿನ ವರ್ಷ ನಿವೃತ್ತಿ. ಮನೆಯವರು ಹತ್ತಿರದ ಊರಿನ ಎಲ್.ಪಿ. ಶಾಲೆಯಲ್ಲಿ ಕನ್ನಡ ವಿಭಾಗದ ಟೀಚರ್. ಆ ದಿನ ಅವರು ಬೇಗ ಹೊರಟು ಹೋಗಿದ್ದರು. ಕಾರಣ ಕೇಳಿದಾಗ ಮಾಸ್ಟ್ರು, “ಇವತ್ತು ಆರನೇ ದಿನ,” ಎಂದಷ್ಟೆ ಹೇಳಿದರು. ನಮ್ಮ ಓದುಗರಲ್ಲಿ ಅಧ್ಯಾಪಕರಾದವರಿಗೆ ಅಷ್ಟು ಸಾಕು. ಉಳಿದವರಿಗಾಗಿ ಮುಂದೆ ಹೇಳುತ್ತೇವೆ.

ಅಂಗಳದ ಮೂಲೆಯಲ್ಲಿ ಮರದ ನೆರಳು ಬೀಳದ ಜಾಗದಲ್ಲಿ ಒಂದು ಮಳೆಮಾಪಕ ಉಂಟು. ಮಾಸ್ಟ್ರ ದಿನ ಆರಂಭವಾಗುವುದು ಅಲ್ಲಿ. ಹವಾಮಾನ ಇಲಾಖೆಯ ಪದ್ಧತಿಯಂತೆ ಅಳತೆಯ ಹೊತ್ತು ಬೆಳಿಗ್ಗೆ ಎಂಟೂವರೆ. ಆದರೆ ಎಂಟೂವರೆಗೆ ಅವರು ಬಸ್ಸಿನಲ್ಲಿರುತ್ತಾರೆ. ಆದ್ದರಿಂದ ಏಳಕ್ಕೇ ಅಳೆದು, ಪುಸ್ತಕದ ಪ್ರತಿ ಪುಟದ ತಲೆಯಲ್ಲೂ ‘7 ಗಂಟೆಯ ಅಳತೆ’ ಎಂದು ಬರೆದಿಡುತ್ತಾರೆ. 1998ರಿಂದ ಒಂದು ದಿನವೂ ಬಿಡದೆ ಬರೆದ ಪುಸ್ತಕಗಳು ಕಪಾಟಿನಲ್ಲಿ ಸಾಲಾಗಿವೆ. ಒಂದು ದಿನವೂ ಬಿಡದೆ ಎಂದು ನಾವು ಬರೆದುಕೊಳ್ಳುತ್ತಿದ್ದಾಗ ಅವರೇ ತಡೆದರು. ಮಗಳ ಮದುವೆಯ ವಾರದಲ್ಲಿ ಮೂರು ದಿನ ತಪ್ಪಿದೆಯಂತೆ. ಪುಟ ತೆಗೆದು ತೋರಿಸಿದರು. ಆ ಮೂರು ಸಾಲು ಖಾಲಿ ಉಂಟು. ನೆರೆಮನೆಯವರನ್ನು ಕೇಳಿ ಅಂದಾಜಿಗೆ ತುಂಬಿಸಬಹುದಿತ್ತಲ್ಲ ಎಂದೆವು. “ತುಂಬಿಸಿದರೆ ಅದು ಮಳೆ ಅಲ್ಲ, ನನ್ನ ಅಂದಾಜು,” ಎಂದರು.

ನಮ್ಮ ಜಿಲ್ಲೆಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಎಂದು ನಾವೆಲ್ಲ ಹೇಳುತ್ತೇವೆ. ಈ ಸರಾಸರಿಯನ್ನು ನಂಬಿಕೊಂಡು ತೋಟಕ್ಕೆ ಮದ್ದು ಬಿಡಲು ಹೊರಟರೆ ಕೆಟ್ಟೆವು ಎನ್ನುತ್ತಾರೆ ಮಾಸ್ಟ್ರು. ಕೊಳೆರೋಗದ ಮದ್ದಿಗೆ ಬೇಕಾದದ್ದು ಮಳೆಯ ಮೊತ್ತವಲ್ಲ, ನಡುವಿನ ಹೊಳವಿನ ದಿನಗಳು. ಎರಡು ವರ್ಷ ಸರಿಸಮವಾಗಿ ಮಳೆ ಬಂದಿರಬಹುದು. ಒಂದು ವರ್ಷ ಹದವಾಗಿ ಹಂಚಿಕೊಂಡು, ಇನ್ನೊಂದು ವರ್ಷ ಹತ್ತೇ ದಿನಗಳಲ್ಲಿ ಕೊಚ್ಚಿಕೊಂಡು. ಅಂಕೆಗಳು ಸರಾಸರಿಯಿಂದ ಎಷ್ಟು ದೂರ ಚದರಿವೆ ಎಂಬುದನ್ನು ಅಳೆಯುವ ‘ಮಾನಕ ವಿಚಲನೆ’ಯನ್ನು ಅವರು ಮಕ್ಕಳಿಗೆ ಕಲಿಸುವುದು ಈ ಪುಸ್ತಕಗಳನ್ನು ಬಿಡಿಸಿಯೇ.

ಮಾಧ್ಯಂ, ಮಧ್ಯಮಂ, ಮಧ್ಯಾಂಕ

ಒಂಬತ್ತರ ಮೇಲೆ ನಾವು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತೆವು. ಸಪ್ತಭಾಷಾ ಸಂಗಮ ಎಂದು ವೇದಿಕೆಯಲ್ಲಿ ಹೇಳುವ ಮಾತು ಇಲ್ಲಿ ಬೆಂಚು ಬೆಂಚಿನಲ್ಲಿ ಕಾಣುತ್ತದೆ. ಮಲಯಾಳ, ತುಳು, ಬ್ಯಾರಿ, ಕೊಂಕಣಿ, ಮರಾಟಿ, ಹವ್ಯಕ ಕನ್ನಡ ಮಾತಾಡುವ ಮನೆಗಳಿಂದ ಬಂದ ಮಕ್ಕಳು. ಹತ್ತನೆಯ ವರೆಗೆ ಕೆಲವರು ಮಲಯಾಳ ಮಾಧ್ಯಮ, ಕೆಲವರು ಕನ್ನಡ, ಮತ್ತೆ ಕೆಲವರು ಇಂಗ್ಲಿಷ್. ಈಗ ಎಲ್ಲರ ಎದುರಿನಲ್ಲೂ ಇರುವುದು ಇಂಗ್ಲಿಷ್ ಪಾಠಪುಸ್ತಕ.

ಮಾಸ್ಟ್ರು ಹಲಗೆಯಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತಾರೆ, ಮಲಯಾಳದಲ್ಲಿ ವಿವರಿಸುತ್ತಾರೆ, ಮತ್ತೆ ಕಿಟಕಿಯ ಬದಿಯ ಎರಡು ಬೆಂಚುಗಳತ್ತ ತಿರುಗಿ ಅದನ್ನೇ ಕನ್ನಡದಲ್ಲಿ ಹೇಳುತ್ತಾರೆ. ಈ ಮೂರನೆಯದು ಅವರ ಕೆಲಸದ ಪಟ್ಟಿಯಲ್ಲಿಲ್ಲ. ಯಾರೂ ಹೇಳಿದ್ದಲ್ಲ, ಯಾರೂ ಬೇಡವೆಂದದ್ದೂ ಅಲ್ಲ.

ಆರಂಭದ ವರ್ಷಗಳಲ್ಲಿ ನಡೆದದ್ದನ್ನು ಅವರು ನೆನೆಸಿಕೊಂಡರು. ಹತ್ತನೆಯಲ್ಲಿ ಗಣಿತದಲ್ಲಿ ಒಳ್ಳೆಯ ಅಂಕ ತಂದ ಕನ್ನಡ ಮಾಧ್ಯಮದ ಮಕ್ಕಳು ಮೊದಲ ಪರೀಕ್ಷೆಯಲ್ಲೇ ಸರಾಸರಿಯ ಸುಲಭದ ಲೆಕ್ಕವನ್ನು ತಪ್ಪು ಮಾಡುತ್ತಿದ್ದರು. ಉತ್ತರ ಪತ್ರಿಕೆ ನೋಡಿದರೆ ಎಲ್ಲರದ್ದೂ ಒಂದೇ ಬಗೆಯ ತಪ್ಪು. ಎಲ್ಲರೂ ಅಂಕೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ಆರಿಸಿದ್ದಾರೆ. ಎಲ್ಲರೂ ಒಂದೇ ತಪ್ಪು ಮಾಡಿದರೆ ತಪ್ಪು ಮಕ್ಕಳದ್ದಲ್ಲ ಎಂದು ಮಾಸ್ಟ್ರಿಗೆ ಹೊಳೆಯಿತು. ಮಲಯಾಳದಲ್ಲಿ ಕೂಡಿಸಿ ಭಾಗಿಸಿ ಬರುವ ಸರಾಸರಿಗೆ ‘ಮಾಧ್ಯಂ’ ಎನ್ನುತ್ತಾರೆ. ಸಾಲಿನಲ್ಲಿ ನಡುವೆ ನಿಲ್ಲುವ ಅಂಕೆಗೆ ‘ಮಧ್ಯಮಂ’. ನಮ್ಮಲ್ಲಿ ನಡುವಿನದು ‘ಮಧ್ಯಾಂಕ’. ‘ಮಾಧ್ಯಂ’ ಎಂಬ ಸದ್ದು ಕಿವಿಗೆ ಬಿದ್ದೊಡನೆ ಕನ್ನಡದ ಮಗುವಿನ ಕೈ ಮಧ್ಯಾಂಕದತ್ತ ಹೋಗುತ್ತದೆ. ಪಕ್ಕದ ಬೆಂಚಿನವನಿಗೆ ಬಾರದ ತೊಂದರೆ ಇದು.

ಅಂದಿನಿಂದ ಅವರು ಒಂದು ಪುಸ್ತಕ ಇಟ್ಟರು. ಮೂರು ಗೀಟು ಎಳೆದು, ಒಂದು ಕಡೆ ಇಂಗ್ಲಿಷ್ ಪದ, ಒಂದು ಕಡೆ ಮಲಯಾಳ, ಒಂದು ಕಡೆ ಕನ್ನಡ. ಸುಖವಾಗಿ ಹೊಂದಿಕೊಳ್ಳುವ ಪದಗಳೂ ಇಲ್ಲದಿಲ್ಲ. ನಮ್ಮ ಸರಾಸರಿ ಅವರಿಗೆ ಶರಾಶರಿ. ಜನಗಣತಿಗೆ ನಮ್ಮ ಹಿರಿಯರು ಹೇಳುತ್ತಿದ್ದ ಕಾನೇಷುಮಾರಿ ಎಂಬ ಪದ ಹಳೆಯ ಮಲಯಾಳದಲ್ಲೂ ಹಾಗೆಯೇ ಉಂಟು. ಎರಡಕ್ಕೂ ಅದು ಪಾರಸಿಯಿಂದ ಬಂದದ್ದು, ಅರ್ಥ ಮನೆಗಳ ಎಣಿಕೆ. ಅದೇ ‘ಶುಮಾರ್’ ಕನ್ನಡದಲ್ಲಿ ಒಂಟಿಯಾಗಿ ನಿಂತಾಗ ‘ಸುಮಾರು’ ಆಯಿತು. ಎಣಿಕೆ ಎಂಬ ಪದವನ್ನು ನಾವು ಅಂದಾಜು ಮಾಡಿಕೊಂಡೆವಲ್ಲ ಎಂದು ಮಾಸ್ಟ್ರು ನಗುತ್ತಾರೆ. ಪುಸ್ತಕದ ಜೆರಾಕ್ಸ್ ಪ್ರತಿಗಳು ಈಗ ಸುತ್ತಲಿನ ಮೂರು ನಾಲ್ಕು ಶಾಲೆಗಳ ಮಕ್ಕಳ ಕೈಯಲ್ಲಿ ಓಡಾಡುತ್ತಿವೆ.

ನಾವು ಕೇಳಿದ ಅಂದಿನ ಪಾಠ ಇದೇ ಸರಾಸರಿ–ಮಧ್ಯಾಂಕಗಳದ್ದು. ಹತ್ತು ತೋಟಗಳಿರುವ ಒಂದು ಊರು ಎಂದಿಟ್ಟುಕೊಳ್ಳಿ ಎಂದರು. ಒಂಬತ್ತು ಮಂದಿಗೆ ಅರ್ಧರ್ಧ ಎಕ್ರೆ, ಒಬ್ಬರಿಗೆ ಇಪ್ಪತ್ತು ಎಕ್ರೆ. ಸರಾಸರಿ ಎಷ್ಟು? ಮಕ್ಕಳು ಕೂಡಿಸಿ ಭಾಗಿಸಿದರು: 2.45 ಎಕ್ರೆ. ಮಧ್ಯಾಂಕ? ಅರ್ಧ ಎಕ್ರೆ. “ಈಗ ಸರಕಾರದವರು ಬಂದು, ಈ ಊರಿನವರಿಗೆ ಸರಾಸರಿ ಎರಡೂವರೆ ಎಕ್ರೆ ತೋಟ ಉಂಟು, ಸಹಾಯ ಬೇಡ ಎಂದರೆ?” ಎಂದು ಕೇಳಿದರು. ಎದುರಿನ ಬೆಂಚಿನ ಹುಡುಗಿಯೊಬ್ಬಳು ಥಟ್ಟನೆ, “ಎರಡೂವರೆ ಎಕ್ರೆಯವರನ್ನು ತೋರಿಸಿ ಎನ್ನಬೇಕು ಸರ್. ಅಂಥವರು ಒಬ್ಬರೂ ಇಲ್ಲ,” ಎಂದಳು. ತರಗತಿ ನಕ್ಕಿತು. ಮಾಸ್ಟ್ರು ನಗಲಿಲ್ಲ, ಅವಳ ಮಾತನ್ನು ಹಲಗೆಯ ಮೇಲೆ ಬರೆದರು.

ಪ್ರಶ್ನೆ ಕೇಳುವ ಮಕ್ಕಳ ಮೇಲೆ ಅವರಿಗೆ ಪ್ರೀತಿ ಹೆಚ್ಚು. ಅದಕ್ಕೊಂದು ಕತೆಯನ್ನೂ ಹೇಳುತ್ತಾರೆ. ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ 1944ರಲ್ಲಿ ಕಲ್ಕತ್ತೆಯಲ್ಲಿ ಪಾಠ ಹೇಳುತ್ತಿದ್ದರು. ದೊಡ್ಡ ಮಾದರಿಗಳಿಗೆ ಅನ್ವಯಿಸುವ ಒಂದು ಸೂತ್ರವನ್ನು ಅಂದು ಸಾಧಿಸಿ ತೋರಿಸಿದಾಗ ವಿ. ಎಂ. ದಾಂಡೇಕರ್ ಎಂಬ ವಿದ್ಯಾರ್ಥಿ, ಸಣ್ಣ ಮಾದರಿಗೆ ಇದನ್ನು ಯಾಕೆ ಸಾಧಿಸಬಾರದು ಎಂದು ಕೇಳಿದರು. ಅಧ್ಯಾಪಕರಲ್ಲಿ ಉತ್ತರವಿರಲಿಲ್ಲ. ರಾತ್ರಿ ಕುಳಿತು ಲೆಕ್ಕ ಹಾಕಿ ಮರುದಿನ ತರಗತಿಗೆ ಬಂದು ಸಾಧಿಸಿ ತೋರಿಸಿದರು. 1945ರಲ್ಲಿ ಅಚ್ಚಾದ ಆ ಲೇಖನದ ಫಲಿತಾಂಶ ಇಂದು ಜಗತ್ತಿನ ಎಲ್ಲ ಸಂಖ್ಯಾಶಾಸ್ತ್ರದ ಪುಸ್ತಕಗಳಲ್ಲೂ ರಾವ್ ಮತ್ತು ಸ್ವೀಡನ್ನಿನ ಕ್ರಾಮೆರ್ ಅವರ ಹೆಸರಿನಲ್ಲಿದೆ. ರಾವ್ 2023ರಲ್ಲಿ 102ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪ್ರಶ್ನೆ ಕೇಳಿದ ದಾಂಡೇಕರ್ ಮುಂದೆ ನಮ್ಮ ದೇಶದ ಬಡತನದ ಲೆಕ್ಕ ಹಾಕಿದ ದೊಡ್ಡ ಅರ್ಥಶಾಸ್ತ್ರಜ್ಞರಾದರು.

ಪಡ್ರೆಯ ಲೆಕ್ಕ

ಮಧ್ಯಾಹ್ನದ ಮೇಲಿನ ತರಗತಿ ಪ್ಲಸ್ ಟು ಮಕ್ಕಳದ್ದು. ಎರಡು ಗುಂಪುಗಳನ್ನು ಹೋಲಿಸುವ ಪಾಠ. ಪಾಠಪುಸ್ತಕದ ಉದಾಹರಣೆಯನ್ನು ಮುಗಿಸಿ ಮಾಸ್ಟ್ರು ಒಂದು ಹಳೆಯ ಫೈಲು ತೆರೆದರು. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕತೆಯನ್ನು ಈ ಪತ್ರಿಕೆಯ ಓದುಗರಿಗೆ ಹೊಸತಾಗಿ ಹೇಳಬೇಕಿಲ್ಲ. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ರೋಗಿಗಳ ಸಂಖ್ಯೆ ಸಹಜವಲ್ಲವೆಂದು ಮೊದಲಿಗೆ ಗುರುತಿಸಿದವರಲ್ಲಿ ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರರೂ, ಪತ್ರಕರ್ತ ಶ್ರೀ ಪಡ್ರೆಯವರೂ ಮುಖ್ಯರು. ಆದರೆ ಸಹಜವಲ್ಲ ಎಂಬುದನ್ನು ತೋರಿಸುವುದು ಹೇಗೆ? ಯಾವ ಊರಿನಲ್ಲಿ ರೋಗಿಗಳಿಲ್ಲ?

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 2001ರಲ್ಲಿ ಬಂದಾಗ ಮಾಡಿದ್ದು ಇದನ್ನೇ. ಸಿಂಪಡಣೆಯ ಕೆಳಗಿದ್ದ ಊರಿನ ಶಾಲೆಯ ಮಕ್ಕಳನ್ನು ಪರೀಕ್ಷಿಸಿದರು. ಜತೆಗೆ, ಮದ್ದು ಬೀಳದ, ಉಳಿದೆಲ್ಲ ರೀತಿಯಲ್ಲೂ ಹೋಲುವ ಮೀಂಜದ ಕಡೆಯ ಮಕ್ಕಳನ್ನೂ ಪರೀಕ್ಷಿಸಿದರು. 2003ರಲ್ಲಿ ಅಚ್ಚಾದ ಅವರ ಲೇಖನದಲ್ಲಿರುವುದು 10ರಿಂದ 19ರ ಪ್ರಾಯದ ಗಂಡುಮಕ್ಕಳ ಲೆಕ್ಕ: ಮದ್ದು ಬಿದ್ದ ಊರಿನ 117 ಮಂದಿ, ಬೀಳದ ಊರಿನ 90 ಮಂದಿ. ಮೊದಲ ಗುಂಪಿನಲ್ಲಿ ಮಕ್ಕಳು ಪ್ರಾಯಕ್ಕೆ ಬರುವುದು ತಡವಾಗುತ್ತಿರಬಹುದೆಂಬ ಸೂಚನೆ ಅದರಲ್ಲಿ ಕಂಡಿತು.

“ಆ 90 ಮಕ್ಕಳಿಗೆ ಏನೂ ಆಗಿರಲಿಲ್ಲ. ಮತ್ತೆ ಅವರ ರಕ್ತ ಯಾಕೆ ತೆಗೆದರು?” ಎಂದು ಮಾಸ್ಟ್ರು ಕೇಳಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಿಂದಿನಿಂದ ಒಬ್ಬ, “ಅವರಿಲ್ಲದಿದ್ದರೆ ಈ 117 ಮಂದಿಯದ್ದು ಯಾರೂ ನಂಬುವುದಿಲ್ಲ,” ಎಂದು ಮಲಯಾಳದಲ್ಲಿ ಹೇಳಿದ.

ಅದೇ ಲೇಖನದ ವಿಜ್ಞಾನಿಗಳು ತಮ್ಮ ಮಾದರಿ ಚಿಕ್ಕದು, ಕೆಲವರು ಪರೀಕ್ಷೆಗೆ ಒಪ್ಪಲಿಲ್ಲ, ಇವು ಈ ಅಧ್ಯಯನದ ಮಿತಿಗಳು ಎಂದು ಸಾರಾಂಶದಲ್ಲೇ ಒಪ್ಪಿಕೊಂಡಿದ್ದಾರೆ. ಆ ಸಾಲನ್ನು ಮಾಸ್ಟ್ರು ಮಕ್ಕಳಿಂದ ಬರೆಸಿದರು. ನಮಗೆ ಇದು ಸ್ವಲ್ಪ ಕಸಿವಿಸಿಯಾಯಿತು. ಎದುರಾಳಿಗಳು ವರ್ಷಗಟ್ಟಲೆ ಹಿಡಿದುಕೊಂಡು ಜಗ್ಗಿದ್ದು ಇಂಥ ಸಾಲುಗಳನ್ನೇ ಅಲ್ಲವೆ? 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶವ್ಯಾಪಿ ತಡೆಯಾಜ್ಞೆ ಕೊಡುವ ವರೆಗೂ ವಾದ ನಡೆದೇ ಇತ್ತು. ಬಿಡುವಿನಲ್ಲಿ ಹಾಗೆಂದು ಕೇಳಿದೆವು. ಮಾಸ್ಟ್ರು, “ಮಿತಿ ಬರೆಯದಿದ್ದರೆ ಅವರೂ ಕಂಪೆನಿಯ ಜಾಹೀರಾತಿನವರೂ ಒಂದೇ ಆಗುತ್ತಿದ್ದರು,” ಎಂದರು. ಈ ಮಾತನ್ನು ನಾವು ಪೂರ್ತಿ ಒಪ್ಪಿದ್ದೇವೆಂದು ಹೇಳಲಾರೆವು. ರೋಗಿಯ ಮನೆಯ ಜಗಲಿಯಲ್ಲಿ ಕುಳಿತವರಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ತರಗತಿ ಬಿಡುವ ಹೊತ್ತಿಗೆ ಒಬ್ಬ ಹುಡುಗ ಮೇಜಿನ ಬಳಿ ಬಂದು, “ನನ್ನ ಮಾವ ಆ ಶಾಲೆಯಲ್ಲೇ ಕಲಿತವರು, ಸರ್. ಅವರನ್ನೂ ಎಣಿಸಿದ್ದರೋ ಇಲ್ಲವೋ ಗೊತ್ತಿಲ್ಲ,” ಎಂದ. ಮಾಸ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟು ಹೊರಗೆ ಕರೆದುಕೊಂಡು ಹೋದರು. ಏನು ಮಾತಾಡಿದರೋ ನಾವು ಕೇಳಿಸಿಕೊಳ್ಳಲಿಲ್ಲ.

ಮುದುಕಿ ಹೇಳಿದ ಭಾಷೆ

ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಮಾತು ಜನಗಣತಿಗೆ ಹೊರಳಿತು. ಮಾಸ್ಟ್ರ ಹಳೆ ವಿದ್ಯಾರ್ಥಿಗಳು ಕೆಲವರು ರಾಜ್ಯದ ಇಕನಾಮಿಕ್ಸ್ ಆ್ಯಂಡ್ ಸ್ಟಾಟಿಸ್ಟಿಕ್ಸ್ ಇಲಾಖೆಯಲ್ಲಿದ್ದಾರೆ. ಬೇರೆ ಹಲವು ರಾಜ್ಯಗಳಲ್ಲಿ ಗ್ರಾಮಲೆಕ್ಕಿಗರ ಪುಸ್ತಕದಿಂದ ಸಿಗುವ ಬೆಳೆಯ ಲೆಕ್ಕ ಕೇರಳದಲ್ಲಿ ಮಾದರಿ ಸಮೀಕ್ಷೆಯಿಂದಲೇ ಸಿಗಬೇಕು. ಆದ್ದರಿಂದ ಅವರಿಗೆ ವರ್ಷವಿಡೀ ಗದ್ದೆ ತೋಟಗಳಲ್ಲೇ ಕೆಲಸ. ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿಯನ್ನು ಮಾತ್ರ ಬಹುಮಟ್ಟಿಗೆ ಹೊತ್ತವರು ಶಾಲೆಯ ಅಧ್ಯಾಪಕರು. 2021ರಲ್ಲಿ ನಡೆಯಬೇಕಿದ್ದದ್ದು ನಡೆಯಲಿಲ್ಲ. 2027ರ ಮಾರ್ಚ್ 1ನ್ನು ಎಣಿಕೆಯ ದಿನವಾಗಿ ಇಟ್ಟುಕೊಂಡು ಹೊಸ ಗಣತಿಯ ಅಧಿಸೂಚನೆ 2025ರ ಜೂನಿನಲ್ಲಿ ಹೊರಟಿತು.

ನಮ್ಮವರಿಗೆ ಇದು ಬರಿಯ ತಲೆ ಎಣಿಕೆಯಲ್ಲ. ಒಂದು ಪ್ರದೇಶದಲ್ಲಿ ಭಾಷಾ ಅಲ್ಪಸಂಖ್ಯಾತರು ನೂರಕ್ಕೆ 15ರಿಂದ 20ರಷ್ಟಿದ್ದರೆ ಮುಖ್ಯ ಸರಕಾರಿ ಪ್ರಕಟಣೆಗಳು ಅವರ ಭಾಷೆಯಲ್ಲೂ ಬರಬೇಕೆಂದು 1961ರ ಮುಖ್ಯಮಂತ್ರಿಗಳ ಸಮ್ಮೇಳನದಲ್ಲಿ ಒಪ್ಪಿಕೊಂಡದ್ದುಂಟು. ಆ ನೂರಕ್ಕೆ ಇಷ್ಟು ಎಂಬುದು ಬರುವುದು ಗಣತಿಯ ಮಾತೃಭಾಷೆಯ ಕಲಮಿನಿಂದ. ಮಾತೃಭಾಷೆ ಎಂದರೆ ಗಣತಿಯ ಪ್ರಕಾರ ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆ. ಮನೆಯಲ್ಲಿ ತುಳು ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಕನ್ನಡ ಪತ್ರಿಕೆ ಓದುವ ಮನೆಗಳು ಮಂಜೇಶ್ವರದ ಕಡೆ ಎಷ್ಟಿಲ್ಲ! ಅವರೆಲ್ಲ ಲೆಕ್ಕದಲ್ಲಿ ತುಳುವರು. ಇತರ ಯಾವ ಭಾಷೆ ಗೊತ್ತು ಎಂಬ ಇನ್ನೊಂದು ಕಲಮಿನಲ್ಲಿ ಕನ್ನಡ ಬರುತ್ತದಾದರೂ, ನಾವು ಭಾಷಣಗಳಲ್ಲಿ ಹಿಡಿದುಕೊಳ್ಳುವುದು ಮೊದಲನೆಯದನ್ನೇ.

2001ರಲ್ಲಿ ಮಾಸ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು. ಗಣತಿದಾರರಾಗಿ ಮನೆ ಮನೆ ತಿರುಗಿದರು. ಒಂದು ಮನೆಯಲ್ಲಿ ಮಗ, “ಎಲ್ಲರದ್ದೂ ಕನ್ನಡ ಎಂದೇ ಬರೆಯಿರಿ ಮಾಸ್ಟ್ರೆ, ನಮ್ಮ ಶಾಲೆ ಉಳಿಯಲಿ,” ಎಂದ. ಒಳಗಿನಿಂದ ಅಜ್ಜಿ, “ಎನ್ನ ಅಪ್ಪೆ ಪಾತೆರೊಂದಿತ್ತಿನಿ ತುಳು,” ಎಂದರು. ತನ್ನ ತಾಯಿ ಆಡುತ್ತಿದ್ದುದು ತುಳು ಎಂದು. ಪೆನ್ನು ಹಿಡಿದ ಮಾಸ್ಟ್ರು ಸ್ವತಃ ಕನ್ನಡ ಶಾಲೆಯಲ್ಲಿ ಕಲಿತು ಮೇಲೆ ಬಂದವರು; ಅವರ ಮನೆಯವರ ಕೆಲಸವೂ ಕನ್ನಡ ವಿಭಾಗದ ಮೇಲೆ ನಿಂತದ್ದು.

“ಏನು ಬರೆದಿರಿ?”

“ಅಜ್ಜಿ ಹೇಳಿದ್ದನ್ನು. ಇನ್ನೊಂದು ಕಲಮಿನಲ್ಲಿ ಕನ್ನಡ.”

ಮಗನಿಗೆ ಸಿಟ್ಟು ಬಂದಿತಂತೆ. ಬಹಳ ದಿನ ದಾರಿಯಲ್ಲಿ ಸಿಕ್ಕಿದರೆ ಮಾತಾಡುತ್ತಿರಲಿಲ್ಲ. ನಮಗೂ, ನಿಜ ಹೇಳಬೇಕೆಂದರೆ, ಆ ಮಗನ ಮೇಲೆ ಕನಿಕರ ಹುಟ್ಟಿತು. ಆತ ಸುಳ್ಳು ಹೇಳಬೇಕೆಂದಿದ್ದವನಲ್ಲ, ಶಾಲೆ ಬೇಕೆಂದಿದ್ದವನು. ಶಾಲೆ ಬೇಕಾದವರ ಲೆಕ್ಕವನ್ನು ಬೇರೆಯಾಗಿ ಕೇಳುವ ಕಲಮು ಗಣತಿಯಲ್ಲಿಲ್ಲ. ಈ ಬೇರೆ ಲೆಕ್ಕವನ್ನು ನಮ್ಮ ಸಂಘಟನೆಗಳೇ ಪಂಚಾಯತು ಪಂಚಾಯತಿನಲ್ಲಿ ಶಾಸ್ತ್ರೀಯವಾಗಿ ತೆಗೆಯಬಹುದಲ್ಲ, ಮಕ್ಕಳನ್ನು ತಾನು ತಯಾರು ಮಾಡಿಕೊಡುತ್ತೇನೆ ಎಂಬುದು ಮಾಸ್ಟ್ರ ಸಲಹೆ. ಬಹಳ ವರ್ಷಗಳಿಂದ ಹೇಳುತ್ತಿದ್ದಾರಂತೆ. ಸಭೆಗಳಲ್ಲಿ ಚಪ್ಪಾಳೆ ಬಿದ್ದಿದೆ.

ತಮ್ಮ ನಿವೃತ್ತಿಯ ಬಗ್ಗೆ ಹೆಚ್ಚು ಮಾತಾಡಲು ಅವರಿಗೆ ಇಷ್ಟವಿಲ್ಲ. ಪಾಠ ಇಂಗ್ಲಿಷಿನದ್ದಾದ ಕಾರಣ ಆ ಹುದ್ದೆಗೆ ಕನ್ನಡ ಬಲ್ಲವರೇ ಬೇಕೆಂಬ ಪ್ರಶ್ನೆ ಏಳುವುದಿಲ್ಲ. ಬರುವವರು ಒಳ್ಳೆಯ ಅಧ್ಯಾಪಕರೇ ಆಗಿರಬಹುದು. ಕಿಟಕಿಯ ಬದಿಯ ಎರಡು ಬೆಂಚಿನವರಿಗೆ ‘ಮಾಧ್ಯಂ’ ಎಂದರೆ ಮಧ್ಯಾಂಕವಲ್ಲ ಎಂದು ಹೇಳುವವರು ಯಾರು? ಜೆರಾಕ್ಸ್ ಪುಸ್ತಕ ಉಂಟಲ್ಲ ಎಂದೆವು. “ಪುಸ್ತಕ ಉಂಟು,” ಎಂದರು.

ಆರನೇ ದಿನದ ಮಾತು ಬಾಕಿ ಉಳಿಯಿತು. ಜೂನಿನಲ್ಲಿ ಶಾಲೆ ತೆರೆದು ಆರನೆಯ ಕೆಲಸದ ದಿನ ತರಗತಿಯಲ್ಲಿರುವ ಮಕ್ಕಳ ಲೆಕ್ಕವೇ ಆ ವರ್ಷದ ಡಿವಿಶನ್ನುಗಳ, ಅಧ್ಯಾಪಕರ ಹುದ್ದೆಗಳ ಲೆಕ್ಕ. ಒಂದು ಕನ್ನಡ ಡಿವಿಶನ್ ಉಳಿಯುವುದೂ ಹೋಗುವುದೂ ಕೆಲವು ಸಲ ಒಂದು ಮಗುವಿನ ಮೇಲೆ ನಿಲ್ಲುತ್ತದೆ. ಮೇ ತಿಂಗಳಿಡೀ ಟೀಚರ್‌ಗಳು ಬಿಸಿಲಿನಲ್ಲಿ ಮನೆ ಮನೆ ಹತ್ತಿಳಿದು ಮಕ್ಕಳನ್ನು ಸೇರಿಸುವುದು ಈ ದಿನಕ್ಕಾಗಿ.

ನಾವು ಮನೆ ತಲಪಿದಾಗ ಟೀಚರ್ ಬಂದಾಗಿತ್ತು. ಒದ್ದೆ ಕೊಡೆಯನ್ನು ಜಗಲಿಯಲ್ಲಿ ಬಿಡಿಸಿಟ್ಟು ಮೆಟ್ಟಿಲಲ್ಲೇ ಕುಳಿತಿದ್ದರು.

“ಎಷ್ಟಾಯಿತು?” ಎಂದು ಮಾಸ್ಟ್ರು ಕೇಳಿದರು.

“ಕಳೆದ ವರ್ಷಕ್ಕಿಂತ ಎರಡು ಕಡಿಮೆ. ಆದರೂ ಉಳಿಯಿತು. ಒಂದನೆಯ ಕ್ಲಾಸಿನ ಹುಡುಗಿಗೆ ನಿನ್ನೆಯಿಂದ ಜ್ವರ. ಬರುವುದಿಲ್ಲವೆಂದುಕೊಂಡಿದ್ದೆವು. ಅಮ್ಮ ಶಾಲು ಸುತ್ತಿ ಎತ್ತಿಕೊಂಡು ಬಂದಳು. ಹಾಜರಿ ಆದ ಮೇಲೆ ಆಟೋದಲ್ಲಿ ಕಳಿಸಿದೆವು.”

ಮಾಸ್ಟ್ರು ಏನೂ ಹೇಳಲಿಲ್ಲ. ಜ್ವರ ಎಷ್ಟಿತ್ತು ಎಂದು ಸ್ವಲ್ಪ ಹೊತ್ತಿನ ಮೇಲೆ ಕೇಳಿದರು. ಟೀಚರ್‌ಗೆ ಗೊತ್ತಿರಲಿಲ್ಲ, ಆ ಮನೆಗೆ ಫೋನು ಮಾಡಲು ಒಳಗೆ ಹೋದರು. ಮತ್ತೆ ಮಳೆ ಹಿಡಿದಿತ್ತು. ಕೊನೆಯ ಬಸ್ಸು ತಪ್ಪೀತೆಂದು ನಾವು ಎದ್ದೆವು.